ತೋಟದ ಮನೆಗೆ ಬಂದ ಮಾತಿನ ಹಲಗೆ

ಆಟಿಸಂ ಇರುವ ಮಕ್ಕಳಲ್ಲಿ ಶೇಕಡ 30ರ ಆಸುಪಾಸಿನವರು ಶಾಲೆಗೆ ಸೇರುವ ವಯಸ್ಸು ದಾಟಿದರೂ ಕೆಲವೇ ಪದಗಳಿಂದಾಚೆಗೆ ಮಾತನಾಡುವುದಿಲ್ಲವೆಂದು ಈ ವಿಷಯದಲ್ಲಿ ಕೆಲಸ ಮಾಡಿದವರು ಅಂದಾಜು ಮಾಡಿದ್ದಾರೆ. ನಮ್ಮ ಮಗ ಅವರಲ್ಲೊಬ್ಬ. ಅವನಿಗೆ ಕಿವಿ ಚೆನ್ನಾಗಿ ಕೇಳಿಸುತ್ತದೆ, ನಾವಾಡಿದ್ದು ಬಹುಮಟ್ಟಿಗೆ ಅರ್ಥವಾಗುತ್ತದೆ, ಏರು ಹತ್ತಿ ಬರುತ್ತಿರುವ ಜೀಪು ಯಾರದೆಂದು ಸದ್ದಿನಿಂದಲೇ ಗುರುತಿಸಿ ಬಾಗಿಲಿಗೆ ಓಡುತ್ತಾನೆ. ಬಾಯಿಂದ ಹೊರಡುವುದು ಮಾತ್ರ ಬೆರಳೆಣಿಕೆಯ ಪದಗಳು, ಅವೂ ಬೇಕಾದ ಗಳಿಗೆಯಲ್ಲಿ ಕೈಕೊಡುತ್ತವೆ. ಕೊಡಗಿನ ಸಿದ್ದಾಪುರದ ಸಮೀಪದ ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸ ಮಾಡುವ ನಾನು, ಚಿತ್ರ ಒತ್ತಿದರೆ ಮಾತಾಡುವ ಟ್ಯಾಬ್ಲೆಟ್ ಒಂದನ್ನು ಅವನ ಕೈಗೆ ಕೊಟ್ಟು ನಮ್ಮ ಮನೆಯನ್ನು ಅದಕ್ಕೆ ಒಗ್ಗಿಸಿದ ಬಗೆಯನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಈ ಕೆಲಸದ ಕುರಿತು ಕನ್ನಡದಲ್ಲಿ ಓದಲು ಸಿಗುವುದು ಕಡಿಮೆ. ಸಿಕ್ಕುವುದರಲ್ಲಿಯೂ ಮಳೆ, ಆನೆ, ಕರೆಂಟಿಲ್ಲದ ರಾತ್ರಿ, ಮನೆಯಲ್ಲೊಂದು ಭಾಷೆ ಶಾಲೆಯಲ್ಲೊಂದು ಭಾಷೆ ಎಂಬಂಥ ನಮ್ಮ ಕಡೆಯ ಸಂಗತಿಗಳು ಇರುವುದಿಲ್ಲ.

ದಾರಿ ಶುರುವಾದದ್ದು ಮೈಸೂರಿನಿಂದ. 1965ರಲ್ಲಿ ಆರಂಭವಾಗಿ ಈಗ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕೊಡಗಿನವರು ಬೆಳಿಗ್ಗೆಯ ಬಸ್ಸಿಗೆ ಹೋಗಿ ರಾತ್ರಿಯೊಳಗೆ ಮರಳಬಹುದು. ಇದು ದೇಶದ ಬೇರೆಷ್ಟೋ ಜಿಲ್ಲೆಗಳ ತಂದೆ ತಾಯಿಯರಿಗೆ ಇಲ್ಲದ ಭಾಗ್ಯ. ಮೊದಲು ಶ್ರವಣ ಪರೀಕ್ಷೆ ನಡೆಯಿತು. ಮಾತು ತಡವಾದ ಮಗು ಎಂದ ಕೂಡಲೇ ಬೇರೇನನ್ನೂ ತೀರ್ಮಾನಿಸುವ ಮುನ್ನ ಕಿವಿಯನ್ನು ನೋಡಲೇಬೇಕಾಗುತ್ತದೆ. ಅನಂತರ 40 ಅಂಶಗಳಿರುವ ಆಟಿಸಂನ ಭಾರತೀಯ ಮಾಪಕದಲ್ಲಿ ಅವನ ನಡೆನುಡಿಗಳನ್ನು ಒಂದೊಂದಾಗಿ ಅಳೆದರು. ಆ ಅಂಕಗಳ ಆಧಾರದಲ್ಲಿಯೇ ಮುಂದೆ ಅಂಗವೈಕಲ್ಯ ಪ್ರಮಾಣಪತ್ರ, ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡು, ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆ ಇತ್ಯಾದಿಗಳು ದೊರೆಯುವುದು. ಆ ಓಡಾಟದ ಕಥೆಯನ್ನು ಇಲ್ಲಿ ಹೇಳುವ ಅಗತ್ಯವಿಲ್ಲ. ನಮಗೆ ನಿಜವಾಗಿ ದಾರಿ ತೋರಿಸಿದವರು ಬಳಿಕ ಭೇಟಿಯಾದ ಒಬ್ಬ ವಾಕ್ ಚಿಕಿತ್ಸಕಿ. ಮಾತು ಬರುವವರೆಗೆ ಕಾಯುವುದು ಬೇಡ, ಮಾತಿನ ಜತೆಗೂ ಮಾತಿನ ಬದಲಿಗೂ ಒದಗುವ ಬೇರೆ ಸಾಧನಗಳನ್ನು ಈಗಲೇ ಕೊಡೋಣ ಎಂದು ಅವರು ಹೇಳಿದರು. ಆ ಕ್ಷೇತ್ರದವರು ಇದನ್ನು ಎಎಸಿ ಎಂದು ಕರೆಯುತ್ತಾರೆ. ಕೈಸನ್ನೆ, ಚಿತ್ರದ ಕಾರ್ಡು, ಕಾಗದದ ಹಲಗೆ, ದನಿ ಹೊರಡಿಸುವ ಟ್ಯಾಬ್ಲೆಟ್ ಎಲ್ಲವೂ ಅದರೊಳಗೆ ಸೇರುತ್ತವೆ.

“ಗುಂಡಿ ಒತ್ತಿದರೆ ಕೇಳಿದ್ದು ಸಿಗುವುದಾದರೆ ಬಾಯಿ ಯಾಕೆ ತೆರೆದಾನು?” ಎಂದು ನನ್ನ ತಾಯಿ ಕೇಳಿದರು. ಈ ಭಯ ಅವರೊಬ್ಬರದೇ ಅಲ್ಲ, ಇಂಥ ಸಾಧನದ ಮಾತೆತ್ತಿದ ಪ್ರತಿಯೊಂದು ಮನೆಯಲ್ಲೂ ಯಾರಾದರೊಬ್ಬರು ಇದನ್ನೇ ಕೇಳುತ್ತಾರೆ. ಚಿಕಿತ್ಸಕಿ ಇದಕ್ಕೆ ಎರಡು ಅಧ್ಯಯನಗಳ ಉತ್ತರ ಕೊಟ್ಟರು. ಮಿಲ್ಲರ್, ಲೈಟ್ ಮತ್ತು ಶ್ಲಾಸರ್ ಎಂಬವರು 2006ರಲ್ಲಿ ಹಿಂದಿನ ಅಧ್ಯಯನಗಳನ್ನು ಜರಡಿ ಹಿಡಿದು ನಂಬಬಹುದಾದ 27 ಮಂದಿಯ ವಿವರಗಳನ್ನು ಆಯ್ದಾಗ ಶೇಕಡ 89ರಷ್ಟು ಮಂದಿಯ ಬಾಯಿಮಾತು ಹೆಚ್ಚಿತ್ತು, ಉಳಿದವರದು ಇದ್ದಂತೆಯೇ ಇತ್ತು, ಯಾರದೂ ಕಡಿಮೆಯಾಗಿರಲಿಲ್ಲ. ಹೆಚ್ಚಳ ದೊಡ್ಡದೇನಲ್ಲವೆಂದೂ ಅವರೇ ಬರೆದಿದ್ದಾರೆ. ಎರಡನೆಯದು 2014ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕಾನಿ ಕಸಾರಿ ಮತ್ತು ಸಂಗಡಿಗರು ಪ್ರಕಟಿಸಿದ್ದು: ಐದರಿಂದ ಎಂಟು ವರ್ಷದೊಳಗಿನ, ಕೆಲವೇ ಪದಗಳನ್ನಾಡುವ 61 ಮಕ್ಕಳಲ್ಲಿ, ಆಟದ ಮೂಲಕ ನಡೆಸುವ ಚಿಕಿತ್ಸೆಗೆ ಮೊದಲ ದಿನದಿಂದಲೇ ದನಿಯ ಸಾಧನವನ್ನೂ ಸೇರಿಸಿದವರು ತಾವಾಗಿಯೇ ಮಾತಿಗೆ ತೊಡಗಿದ್ದು ಹೆಚ್ಚು. ಚಿಕಿತ್ಸೆಯ ಜತೆಗೆ ಸಾಧನ ಎಂಬುದನ್ನು ಇಲ್ಲಿ ಗಮನಿಸಬೇಕು. ಟ್ಯಾಬ್ಲೆಟ್ ಕೊಂಡುತಂದು ಮೇಜಿನ ಮೇಲಿಟ್ಟರೆ ಮಗು ಮಾತಾಡುತ್ತದೆಂದು ಯಾರೂ ಹೇಳಿಲ್ಲ.

ಇದೇ ಸಮಯದಲ್ಲಿ ಪರಿಚಯದವರೊಬ್ಬರು ಮಗುವಿನ ಕೈಯನ್ನೋ ಮೊಣಕೈಯನ್ನೋ ಹಿಡಿದು ಅಕ್ಷರ ತೋರಿಸಿದರೆ ದೊಡ್ಡ ದೊಡ್ಡ ವಾಕ್ಯಗಳೇ ಬರುತ್ತವೆ ಎಂದು ಒಂದು ವಿಧಾನವನ್ನು ಸೂಚಿಸಿದರು. ಹಾಗೆ ಬರುವ ವಾಕ್ಯಗಳು ಮಗುವಿನವಲ್ಲ, ಕೈ ಹಿಡಿದವರವು ಎಂದು ಪರೀಕ್ಷೆಗಳಿಂದ ಮತ್ತೆ ಮತ್ತೆ ತಿಳಿದುಬಂದಿದ್ದು, ಅಮೆರಿಕದ ವಾಕ್ ಶ್ರವಣ ತಜ್ಞರ ಸಂಘ 2018ರಲ್ಲಿ ಅಂಥ ವಿಧಾನಗಳನ್ನು ಬಳಸಬಾರದೆಂದು ಸ್ಪಷ್ಟವಾಗಿ ಹೇಳಿದೆ. ಆದ್ದರಿಂದ ಬೆರಳು ಅವನದೇ ಆಗಿರಬೇಕು, ಒತ್ತಲಿ ಬಿಡಲಿ ಅವನ ಕೈಯನ್ನು ನಾವು ಎಳೆಯಬಾರದು ಎಂಬ ನಿಯಮವನ್ನು ಮೊದಲೇ ಹಾಕಿಕೊಂಡೆವು.

ಟ್ಯಾಬ್ಲೆಟ್ಟಿಗಿಂತ ಮುಂಚೆ ಕಾಗದದ ಹಲಗೆ ಬಂತು. ಸ್ಪೇನಿನ ಅರಗಾನ್ ಸರ್ಕಾರ ನಡೆಸುವ ಅರಾಸಾಕ್ ಎಂಬ ಚಿತ್ರಭಂಡಾರದಿಂದ, ವ್ಯಾಪಾರಕ್ಕಲ್ಲದ ಬಳಕೆಗೆ ಯಾರು ಬೇಕಾದರೂ ಪುಕ್ಕಟೆಯಾಗಿ ಚಿತ್ರಗಳನ್ನು ತೆಗೆದುಕೊಳ್ಳಬಹುದು. ಅವನ್ನು ಸಿದ್ದಾಪುರದ ಅಂಗಡಿಯಲ್ಲಿ ಬಣ್ಣದಲ್ಲಿ ಮುದ್ರಿಸಿ, ಎರಡೂ ಬದಿಗೆ ಲ್ಯಾಮಿನೇಷನ್ ಮಾಡಿಸಿ, ಒಂದು ಹಲಗೆಯಾಗಿ ಜೋಡಿಸಿದೆವು. ಲ್ಯಾಮಿನೇಷನ್ನಿನ ಅಂಚನ್ನು ಅರ್ಧ ಬೆರಳಿನಷ್ಟಾದರೂ ಅಗಲ ಬಿಡಿಸಬೇಕು. ಚಿತ್ರದ ಅಂಚಿಗೇ ಕತ್ತರಿಸಿದರೆ ಆಷಾಢದ ತೇವ ಒಳಹೊಕ್ಕು ಒಂದೇ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಕಾಗದಕ್ಕೆ ದನಿಯಿಲ್ಲವಾದ್ದರಿಂದ ಅವನು ತೋರಿಸಿದ ಚಿತ್ರದ ಹೆಸರನ್ನು ನಾವೇ ಗಟ್ಟಿಯಾಗಿ ಹೇಳುತ್ತಿದ್ದೆವು. ಅವನು ಅಡಿಗೆಮನೆಯಲ್ಲಿ ತೋರಿಸಿದ್ದು ಅಂಗಳದಲ್ಲಿರುವವರಿಗೆ ತಿಳಿಯದು, ನಮ್ಮ ಬೆನ್ನು ಅವನತ್ತ ಇದ್ದರೆ ನಮಗೂ ತಿಳಿಯದು. ದನಿಯ ಬೆಲೆ ನಮಗೆ ಗೊತ್ತಾದದ್ದು ಆಗಲೇ. ದನಿಯಿದ್ದರೆ ಮಗು ಯಾರನ್ನಾದರೂ ಕರೆಯಬಹುದು, ಇನ್ನೊಬ್ಬರ ಮಾತಿನ ನಡುವೆ ಬಾಯಿ ಹಾಕಬಹುದು, ಕಾಣದವರೊಂದಿಗೂ ಜಗಳವಾಡಬಹುದು.

ಭಾರತದಲ್ಲಿ ತಯಾರಾದ ಆ್ಯಪ್‌ಗಳ ಪೈಕಿ ಚೆನ್ನೈನಲ್ಲಿ ಹುಟ್ಟಿದ ಆವಾಜ್ ಹಾಗೂ ಬಾಂಬೆ ಐಐಟಿಯ ವಿನ್ಯಾಸ ವಿಭಾಗದಲ್ಲಿ ಬೆಳೆದ, ಉಚಿತವಾಗಿ ದೊರೆಯುವ ಜೆಲ್ಲೋ ಎರಡನ್ನೂ ನೋಡಿದೆವು, ವಿದೇಶದವನ್ನೂ ನೋಡಿದೆವು. ಕೊನೆಗೆ ಯಾವುದನ್ನು ಇಟ್ಟುಕೊಂಡೆವೆಂಬುದಕ್ಕಿಂತ ಯಾವ ಗುಣಗಳನ್ನು ನೋಡಿ ಇಟ್ಟುಕೊಂಡೆವೆಂಬುದು ಮುಖ್ಯ. ಗುಂಡಿಯ ಮೇಲೆ ನಮ್ಮದೇ ಫೋಟೋ ಹಾಕಲು ಬರಬೇಕು, ನಮ್ಮದೇ ದನಿಯನ್ನು ತುಂಬಲು ಬರಬೇಕು, ನೆಟ್‌ವರ್ಕ್ ಇಲ್ಲದೆ ನಡೆಯಬೇಕು, ಮಾಡಿದ್ದನ್ನೆಲ್ಲ ಒಂದು ಕಡತವಾಗಿ ಬೇರೆಡೆ ತೆಗೆದಿಡಲು ಬರಬೇಕು. ಕೊನೆಯದರ ಮಹತ್ವ, ಒಮ್ಮೆ ಆ್ಯಪ್ ತಾನಾಗಿ ನವೀಕರಣಗೊಂಡು ಗುಂಡಿಗಳೆಲ್ಲ ಒಂದು ಸಾಲು ಕೆಳಗೆ ಸರಿದಾಗ ತಿಳಿಯಿತು. ಅಕ್ಷರ ಬಲ್ಲ ನಮಗೆ ಅದೊಂದು ಸಣ್ಣ ಬದಲಾವಣೆ. ಚಿತ್ರವನ್ನು ನೋಡಿ ಹುಡುಕದೆ ಬೆರಳಿನ ನೆನಪಿನಲ್ಲಿ ಒತ್ತುವ ಮಗುವಿಗೆ ಅದು ತನ್ನ ಬಾಯಿಯನ್ನು ಯಾರೋ ಕಿತ್ತು ಬೇರೆಡೆ ಅಂಟಿಸಿದ ಹಾಗೆ. ಅವನು ಅಂದು ಟ್ಯಾಬ್ಲೆಟ್ಟನ್ನು ಎಸೆಯದೆ ಬರಿದೇ ಮುಖ ತಿರುಗಿಸಿ ಕುಳಿತದ್ದೇ ದೊಡ್ಡದು. ತೆಗೆದಿಟ್ಟಿದ್ದ ಕಡತದಿಂದ ಹಳೆಯ ಜೋಡಣೆಯನ್ನು ಮರಳಿಸಿ, ತಾನಾಗಿ ನವೀಕರಣಗೊಳ್ಳುವ ಸೌಲಭ್ಯವನ್ನು ಅಂದೇ ನಿಲ್ಲಿಸಿದೆ.

ಸ್ಥಾನ ಬದಲಾಗಬಾರದೆಂಬ ಈ ಕಾರಣಕ್ಕೇ ಚಿಕಿತ್ಸಕಿ ನಾಲ್ಕು ಗುಂಡಿಯಿಂದ ಶುರುಮಾಡಿ ಎಂಟು, ಹದಿನಾರು ಎಂದು ಏರಿಸುವುದನ್ನು ಒಪ್ಪಲಿಲ್ಲ. ಮೊದಲೇ ಪೂರ್ತಿ ಚೌಕಗಳ ಪುಟವನ್ನು ಮಾಡಿಸಿ, ಹೆಚ್ಚಿನವನ್ನು ಮರೆಮಾಡಿ, ಕಲಿತಂತೆಲ್ಲ ಒಂದೊಂದನ್ನೇ ತೆರೆಯುತ್ತ ಬಂದೆವು. ‘ಬೇಡ’ ಇಂದಿಗೂ ಕೆಳಗಿನ ಬಲಮೂಲೆಯಲ್ಲಿದೆ, ಕಾಗದದ ಹಲಗೆಯಲ್ಲೂ ಅಲ್ಲೇ ಇದೆ. ಇನ್ನೊಂದು ನಿಯಮವೆಂದರೆ ಮಾತಿನ ಟ್ಯಾಬ್ಲೆಟ್ಟಿನಲ್ಲಿ ಹಾಡು, ವಿಡಿಯೊ, ಆಟ ಯಾವುದೂ ಇರಕೂಡದು. ಪರದೆಯನ್ನು ಆ ಒಂದೇ ಆ್ಯಪ್‌ಗೆ ಕಟ್ಟಿಹಾಕುವ ಸೌಲಭ್ಯ ಆಂಡ್ರಾಯ್ಡ್‌ನಲ್ಲೇ ಇದೆ. ಮನೆಗೆ ಬಂದ ನೆಂಟರ ಮಕ್ಕಳು ಅದನ್ನು ಕಾರ್ಟೂನಿಗಾಗಿ ಕೇಳಿದಾಗ ಕೊಡದಿರುವುದು ಒರಟುತನವೆಂದು ಕಾಣಬಹುದು, ಕಾಣಲಿ.

ಇನ್ನು ದನಿಯ ವಿಚಾರಕ್ಕೆ ಬರುತ್ತೇನೆ. ನಮಗೆ ಹೆಚ್ಚು ಹೊತ್ತು ಹಿಡಿದದ್ದು ಇದೇ. ಆಂಡ್ರಾಯ್ಡ್‌ನಲ್ಲಿ ಬರುವ ಕನ್ನಡದ ಗಣಕ ದನಿ ಸ್ಫುಟವಾಗಿದೆ, ಒತ್ತಕ್ಷರಗಳನ್ನು ನುಂಗುವುದಿಲ್ಲ, ಯಾವ ವಾಕ್ಯ ಬರೆದರೂ ಓದುತ್ತದೆ. ಆದರೆ ಅದು ವಯಸ್ಕರ ದನಿ, ಗ್ರಾಂಥಿಕ ವಾಕ್ಯ ಕೊಟ್ಟರಂತೂ ಆಕಾಶವಾಣಿಯ ವಾರ್ತೆಯ ಗಾಂಭೀರ್ಯ. ಏಳು ವರ್ಷದ ಹುಡುಗನೊಬ್ಬ ಕೆಸರುಗಾಲಿನಲ್ಲಿ ನಿಂತು ದೊಡ್ಡವರ ಕಂಠದಲ್ಲಿ “ನನಗೆ ಹಸಿವಾಗಿದೆ” ಎಂದಾಗ ತೋಟದ ಕೆಲಸಗಾರರ ಲೈನ್ ಮನೆಯ ಮಕ್ಕಳು ನಕ್ಕರು. ಅವನು ಕೂಡಲೇ ದನಿಯನ್ನು ಪೂರ್ತಿ ತಗ್ಗಿಸಿಬಿಟ್ಟ. ದನಿ ತಗ್ಗಿಸುವ ಗುಂಡಿ ಎಲ್ಲಿದೆಯೆಂದು ನಾವು ಅವನಿಗೆ ಹೇಳಿಕೊಟ್ಟಿರಲಿಲ್ಲ.

ಜತೆಗೆ ಭಾಷೆಯ ತೊಡಕು. ನಮ್ಮ ಮನೆಮಾತು ಕೊಡಗಿನ ಗೌಡರಾಡುವ ಅರೆಭಾಷೆ. ಶಾಲೆಯಲ್ಲಿ ಕನ್ನಡ, ತೋಟದ ಕೆಲಸದವರಲ್ಲಿ ಮಲಯಾಳ, ತಮಿಳು, ಯರವ, ಪಕ್ಕದ ಮನೆಯವರದು ಕೊಡವ ತಕ್ಕ್. ಸಿದ್ದಾಪುರದ ಸಂತೆಯಲ್ಲಿ ಒಂದು ಸುತ್ತು ಬಂದರೆ ಇಷ್ಟೂ ಕಿವಿಗೆ ಬೀಳುತ್ತವೆ. ಮಾತು ಕಡಿಮೆಯಿರುವ ಮಗುವಿಗೆ ಒಂದೇ ಭಾಷೆ ಸಾಕು, ಮನೆಯಲ್ಲೂ ಶಾಲೆಯ ಭಾಷೆಯನ್ನೇ ಆಡಿ ಎಂಬ ಸಲಹೆ ಹಿಂದೊಮ್ಮೆ ಬೇರೆಡೆ ನಮಗೆ ಸಿಕ್ಕಿತ್ತು. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಆಟಿಸಂ ಇರುವ ಮಕ್ಕಳಿಗೆ ಹಾನಿಯಾದದ್ದು ಅಧ್ಯಯನಗಳಲ್ಲಿ ಕಂಡುಬಂದಿಲ್ಲವೆಂದು ಚಿಕಿತ್ಸಕಿ ತಿಳಿಸಿ, ಅಜ್ಜಿ ಯಾವ ಭಾಷೆಯಲ್ಲಿ ಮುದ್ದು ಮಾಡುತ್ತಾರೋ ಆ ಭಾಷೆಯನ್ನು ಅವನಿಂದ ಕಿತ್ತುಕೊಳ್ಳಬೇಡಿ ಎಂದರು. ಅರೆಭಾಷೆಗೆ ಮಡಿಕೇರಿಯಲ್ಲಿ ಅಕಾಡೆಮಿಯಿದೆ, ಪುಸ್ತಕಗಳಿವೆ. ಟ್ಯಾಬ್ಲೆಟ್ಟಿನ ದನಿಗಳ ಪಟ್ಟಿಯಲ್ಲಿ ಅದೂ ಇಲ್ಲ, ಕೊಡವ ತಕ್ಕೂ ಇಲ್ಲ.

ಆದ್ದರಿಂದ ದಿನಬಳಕೆಯ ಪದಗಳನ್ನೆಲ್ಲ ಮನುಷ್ಯರ ದನಿಯಲ್ಲೇ ತುಂಬಲು ನಿರ್ಧರಿಸಿದೆವು. ನನ್ನ ಅಣ್ಣನ ಮಗ ನಮ್ಮ ಮಗನಿಗಿಂತ ಸ್ವಲ್ಪ ದೊಡ್ಡವನು, ಅವನ ದನಿಯನ್ನು ಆರಿಸಿದೆವು. ಜಾಗದ ಪ್ರಶ್ನೆ ಬಂತು. ಮನೆಯೊಳಗೆ ಗೋಡೆಯ ಮಾರ್ದನಿ, ಹೊರಗೆ ಜೀರುಂಡೆ. ತೋಟದ ಗೋದಾಮಿನಲ್ಲಿ ಕಾಫಿ ಮೂಟೆಗಳನ್ನು ಎತ್ತರಕ್ಕೆ ಪೇರಿಸಿದ್ದ ಸಮಯವದು. ಸೆಣಬಿನ ಚೀಲಗಳ ನಡುವಿನ ಓಣಿಯಲ್ಲಿ ಮಾತಾಡಿದರೆ ದನಿ ಒಂದಿಷ್ಟೂ ಪ್ರತಿಧ್ವನಿಸುವುದಿಲ್ಲ. ಅಲ್ಲಿ ಮೊಬೈಲನ್ನು ಬಾಯಿಯಿಂದ ಒಂದು ಗೇಣು ದೂರದಲ್ಲಿ ಹಿಡಿದು, ಒಂದೊಂದು ಪದವನ್ನೂ ಬೇರೆ ಬೇರೆ ಕಡತವಾಗಿ ಧ್ವನಿಮುದ್ರಿಸಿದೆವು. ಹುಡುಗ ಮೊದಲು ಪಾಠ ಒಪ್ಪಿಸುವವನಂತೆ ಓದಿದ. ‘ಓದಬೇಡ, ನಿನ್ನ ತಟ್ಟೆಗೆ ಯಾರೋ ಹಾಗಲಕಾಯಿ ಬಡಿಸುತ್ತಿದ್ದಾರೆಂದುಕೊ’ ಎಂದ ಮೇಲೆ ಬಂದ ‘ಬೇಡ’ವೇ ಇವತ್ತಿಗೂ ಟ್ಯಾಬ್ಲೆಟ್ಟಿನಲ್ಲಿರುವುದು. ಮನೆಮಂದಿಯನ್ನು ಕರೆಯುವ ಪದಗಳು, ಅಡಿಗೆಯ ಹೆಸರುಗಳು, ತಮಾಷೆಯ ಮಾತುಗಳು ಅರೆಭಾಷೆಯಲ್ಲಿ; ಶಾಲೆಯ ಪುಟ ಕನ್ನಡದಲ್ಲಿ. ಧ್ವನಿಮುದ್ರಿಸಿದ ಗುಂಡಿಗೆ ಒಂದು ಮಿತಿಯಿದೆ, ತುಂಬಿದ್ದನ್ನಷ್ಟೇ ಹೇಳುತ್ತದೆ. ಹೊಸ ವಾಕ್ಯ ಕಟ್ಟಬೇಕಾದಾಗ ಗಣಕದ ದನಿಯೇ ಗತಿಯಾದ್ದರಿಂದ ಅದನ್ನೂ ಉಳಿಸಿಕೊಂಡೆವು. ಒಂದೇ ಮಗುವಿಗೆ ಎರಡು ದನಿ ಗೊಂದಲವಾಗದೇ ಎಂದು ನಾವು ಅಂಜಿದ್ದೆವು, ಅವನಿಗೆ ಆಗಲಿಲ್ಲ.

ಇಂಗ್ಲಿಷಿಗಾಗಿ ರೂಪುಗೊಂಡ ಜೋಡಣೆಯನ್ನು ಕನ್ನಡಕ್ಕೆ ತಿರುಗಿಸಿದ ಪುಟಗಳಲ್ಲಿ ಇನ್ನೊಂದು ಕೊರತೆ ಕಾಣುತ್ತದೆ. ‘ನಾನು’, ‘ನೀರು’, ‘ಬೇಕು’ ಎಂದು ಮೂರು ಗುಂಡಿ ಒತ್ತಿದರೆ ಬರುವುದು ನಮ್ಮಲ್ಲಿ ಯಾರೂ ಆಡದ ಮಾತು. ಕನ್ನಡದಲ್ಲಿ ಬೇಕು, ಬೇಡ, ಹಸಿವು, ನೋವು, ಭಯ, ಇಷ್ಟ ಎಲ್ಲವೂ ‘ನನಗೆ’ ಎಂಬುದರ ಬೆನ್ನಿಗೆ ಬರುವಂಥವು. ಚಿಕ್ಕ ಮಗುವಿಗೆ ಹೆಚ್ಚಾಗಿ ಬೇಕಾಗುವುದೂ ಅವೇ. ಹಾಗಾಗಿ ಮೊದಲ ಸಾಲಿನ ಮೊದಲ ಗುಂಡಿ ‘ನನಗೆ’ ಆಯಿತು, ‘ನಾನು’ ಎರಡನೆಯ ಪುಟಕ್ಕೆ ಹೋಯಿತು. ಕ್ರಿಯಾಪದಗಳನ್ನು ಧಾತುರೂಪದಲ್ಲಿಟ್ಟರೆ ಎಲ್ಲವೂ ಅಪ್ಪಣೆಯಂತೆ ಕೇಳಿಸುತ್ತವೆ. ‘ಹೋಗು’ ಎಂಬ ಗುಂಡಿಯಿಂದ ಮಗು ತಾನು ಹೋಗಬೇಕೆನ್ನುತ್ತಿದೆಯೋ ಎದುರಿನವರನ್ನು ಹೊರಡೆನ್ನುತ್ತಿದೆಯೋ ತಿಳಿಯದು. ‘ಹೋಗೋಣ’ ಎಂದು ಒಂದು, ‘ಹೋಗು’ ಎಂದು ಇನ್ನೊಂದು, ಎರಡನ್ನೂ ಇಟ್ಟೆವು. ಎರಡನೆಯದನ್ನು ಅವನು ಊಟದ ಹೊತ್ತಿನ ತನಕ ಕುಳಿತಿದ್ದ ನೆಂಟರೊಬ್ಬರಿಗೆ ಪ್ರಯೋಗಿಸಿದ. ನನ್ನ ಹೆಂಡತಿ ಕ್ಷಮೆ ಕೇಳಿದಳು. ನಾನು ಒಳಗೆ ಹೋಗಿ ನಕ್ಕೆ. ಗುಂಡಿಯನ್ನು ಮಾತ್ರ ತೆಗೆಯಲಿಲ್ಲ, ಏಕೆಂದರೆ ಮಾತು ಬರುವ ಯಾವ ಮಗುವಿನ ನಾಲಿಗೆಯಿಂದಲೂ ನಾವು ಪದಗಳನ್ನು ತೆಗೆದುಹಾಕಲಾರೆವು.

ಯಾವ ಪದಗಳನ್ನು ಇಡಬೇಕೆಂಬುದರಲ್ಲಿ ನನಗೀಗ ಒಂದು ಖಚಿತ ಅಭಿಪ್ರಾಯವಿದೆ. ಸಿದ್ಧ ಪುಟಗಳಲ್ಲಿ ತಿಂಡಿ, ಆಟಿಕೆ, ಬಣ್ಣ, ಪ್ರಾಣಿಗಳ ಹೆಸರುಗಳೇ ಹೆಚ್ಚು. ಪಿಜ್ಜಾ ಇರುತ್ತದೆ, ಕಡುಬು ಇರುವುದಿಲ್ಲ. ಹೆಸರುಗಳನ್ನು ಊರಿಗೆ ತಕ್ಕಂತೆ ಬದಲಿಸುವುದು ಸುಲಭ: ಅಕ್ಕಿ ರೊಟ್ಟಿ, ನೂಪುಟ್ಟು, ಕೊಡೆ, ಜೀಪು, ಇಂಬಳ ಎಲ್ಲಕ್ಕೂ ನಾವೇ ಫೋಟೋ ತೆಗೆದೆವು. ಇಂಬಳದ ಗುಂಡಿ ಜೂನ್ ತಿಂಗಳಿನಿಂದ ಸೆಪ್ಟೆಂಬರ್ ತನಕ ಚೆನ್ನಾಗಿ ದುಡಿಯುತ್ತದೆ. ಕಷ್ಟವಾದದ್ದು ದೂರುವ, ನಿರಾಕರಿಸುವ, ಮೈಯೊಳಗಿನದನ್ನು ಹೇಳುವ ಪದಗಳನ್ನು ಕಲಿಸುವುದು. ಸಾಕು, ನಿಲ್ಲಿಸು, ಅದಲ್ಲ, ಇನ್ನೊಂದು ಸಲ, ಸುಮ್ಮನಿರು, ಹೊಟ್ಟೆ ನೋವು, ಭಯ, ಸದ್ದು ಜಾಸ್ತಿ. ಮಗು ಕೇಳುವುದನ್ನು ಕಲಿತರೆ ದೊಡ್ಡವರಿಗೆ ಅನುಕೂಲ, ಬೇಡವೆನ್ನುವುದನ್ನು ಕಲಿತರೆ ಅನನುಕೂಲ. ಹೀಗಾಗಿಯೇ ಇಂಥ ಪದಗಳು ಕೊನೆಯ ಪುಟಕ್ಕೆ ತಳ್ಳಲ್ಪಡುತ್ತವೆ ಎಂದು ನನ್ನ ಅನುಮಾನ.

ನಮ್ಮ ಕಡೆ ಆನೆಗಳು ರಾತ್ರಿ ತೋಟಕ್ಕಿಳಿಯುತ್ತವೆ. ಓಡಿಸಲು ಪಟಾಕಿ ಸಿಡಿಸುತ್ತಾರೆ. ಸದ್ದನ್ನು ತಾಳಲಾರದ ಅವನು ಮೊದಲೆಲ್ಲ ಪಟಾಕಿ ಸಿಡಿದಾಗ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದ, ಮರುದಿನ ಬೆಳಿಗ್ಗೆಯ ತನಕವೂ ಸಮಾಧಾನವಾಗುತ್ತಿರಲಿಲ್ಲ. ‘ಸದ್ದು ಜಾಸ್ತಿ’ ಎಂಬ ಗುಂಡಿಯನ್ನು ನಾವು ಮಿಕ್ಸಿ ತಿರುಗಿಸುವಾಗ, ತೋಟದಲ್ಲಿ ಗರಗಸದ ಯಂತ್ರ ಕೂಗುವಾಗ, ನಾವೇ ಕಿವಿ ಮುಚ್ಚಿಕೊಂಡು ಒತ್ತಿ ತೋರಿಸುತ್ತ ಬಂದೆವು. ಒಂದು ರಾತ್ರಿ ಪಟಾಕಿಯ ನಡುವೆ ಕತ್ತಲಲ್ಲಿ ಆ ಗುಂಡಿಯ ದನಿ ಕೇಳಿಸಿತು, ಮತ್ತೆ ಕೇಳಿಸಿತು, ಮತ್ತೂ ಕೇಳಿಸಿತು. ಅವನ ಕಿವಿಗೆ ಸದ್ದು ತಡೆಯುವ ಹೆಡ್‌ಫೋನ್ ಹಾಕಿ ಕಂಬಳಿ ಹೊದಿಸಿದೆವು. ಪಟಾಕಿ ನಿಲ್ಲಲಿಲ್ಲ, ಆನೆಗೆ ನಮ್ಮ ಸಂಗತಿ ತಿಳಿಯದು. ತಲೆ ಚಚ್ಚಿಕೊಳ್ಳುವುದು ಮಾತ್ರ ಆ ರಾತ್ರಿ ಆಗಲಿಲ್ಲ. ಆಮೇಲಿನ ಕೆಲವು ರಾತ್ರಿಗಳಲ್ಲಿ ಆಗಿದೆ ಎಂಬುದನ್ನೂ ಹೇಳಬೇಕು.

ನಾವೇ ಒತ್ತಿ ತೋರಿಸುವುದು ಎಂದೆನಲ್ಲ, ಈ ಇಡೀ ವಿಧಾನದ ಹೊಟ್ಟೆ ಅದೇ. ಮಾತಾಡುವ ಮಗು ತಾನು ಮಾತಾಡುವ ಮೊದಲು ಒಂದು ವರ್ಷವಾದರೂ ಸುತ್ತಲಿನವರ ಮಾತು ಕೇಳಿರುತ್ತದೆ. ಗುಂಡಿಯಲ್ಲಿ ಮಾತಾಡಬೇಕಾದ ಮಗು ಗುಂಡಿಯಲ್ಲಿ ಮಾತಾಡುವವರನ್ನು ಎಲ್ಲಿ ನೋಡಬೇಕು? ಆದ್ದರಿಂದ ಮನೆಯವರೆಲ್ಲ ಮಾತಾಡುವಾಗ ಒಂದೆರಡು ಮುಖ್ಯ ಪದಗಳನ್ನು ಟ್ಯಾಬ್ಲೆಟ್ಟಿನಲ್ಲೂ ಒತ್ತುತ್ತಿರಬೇಕು, ಅವನು ತಿರುಗಿ ಒತ್ತಲೇಬೇಕೆಂದು ನಿರೀಕ್ಷಿಸಕೂಡದು. ‘ಒತ್ತಿದರೆ ಮಾತ್ರ ಕೊಡುತ್ತೇನೆ’ ಎನ್ನುವುದು ನಮ್ಮ ಮನೆಯಲ್ಲಿ ನಿಷಿದ್ಧ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲಿ ಹತ್ತು ಎಣಿಸುವ ತನಕ ಬಾಯಿ ಮುಚ್ಚಿಕೊಂಡಿರಬೇಕೆಂಬುದು ಇನ್ನೊಂದು ನಿಯಮ, ನನಗೆ ಅತ್ಯಂತ ಕಷ್ಟವಾದದ್ದು ಇದೇ. ಗುಂಡಿಯನ್ನು ಸಂಶಯಿಸಿದ್ದ ನನ್ನ ತಾಯಿಯೇ ಇದರಲ್ಲಿ ಎಲ್ಲರಿಗಿಂತ ಮುಂದಾದರು. ಅವರಿಗೆ ಓದು ಬಾರದ್ದರಿಂದ ಅವನ ಹಾಗೆಯೇ ಚಿತ್ರ ನೋಡಿ ಒತ್ತುತ್ತಾರೆ, ನಿಧಾನವಾಗಿ ಒತ್ತುತ್ತಾರೆ, ಉತ್ತರಕ್ಕೆ ಅವಸರ ಮಾಡುವುದಿಲ್ಲ. ಟ್ಯಾಬ್ಲೆಟ್ಟಿಗೆ ‘ಹಲಗೆ’ ಎಂಬ ಹೆಸರನ್ನೂ ಅವರೇ ಉಳಿಸಿದರು.

ನಡುವೆ ಕೆಲಕಾಲ ಅವನು ‘ಬಸ್ಸು’ ಎಂಬ ಒಂದೇ ಗುಂಡಿಯನ್ನು ಹೊತ್ತುಗೊತ್ತಿಲ್ಲದೆ ಒತ್ತುತ್ತಿದ್ದ. ಆ ಗುಂಡಿಯನ್ನು ಅಡಗಿಸಿಡಿ ಎಂದು ಹಲವರು ಹೇಳಿದರು. ಎಳೆಯ ಮಗುವಿನ ತೊದಲನ್ನು ಯಾರೂ ಬಾಯಿ ಒತ್ತಿ ನಿಲ್ಲಿಸುವುದಿಲ್ಲವೆಂದು ಚಿಕಿತ್ಸಕಿ ಹೇಳಿದ್ದರಿಂದ ಬಿಟ್ಟೆವು. ಬಸ್ಸಿನ ಬಗ್ಗೆ ಉತ್ತರಿಸುತ್ತಲೂ ಇದ್ದೆವು, ಯಾವ ಊರಿಗೆ, ಕೆಂಪೋ ಹಸಿರೋ ಎಂದು. ನಿಧಾನವಾಗಿ ‘ಬಸ್ಸು’ವಿನ ಪಕ್ಕಕ್ಕೆ ‘ಇಲ್ಲ’ ಬಂತು, ಆಮೇಲೆ ‘ಹೋಗೋಣ’ ಬಂತು.

ಮಳೆಗಾಲದ ಸಂಗತಿಗಳನ್ನು ಕೊಡಗಿನವರಿಗಾಗಿ ವಿವರವಾಗಿ ಬರೆಯುತ್ತೇನೆ. ಕನ್ನಡದ ಗಣಕ ದನಿಯನ್ನು ಟ್ಯಾಬ್ಲೆಟ್ಟಿನ ಸೆಟ್ಟಿಂಗ್ಸ್‌ನೊಳಗೆ ಹೋಗಿ ಮೊದಲೇ ಇಳಿಸಿಕೊಂಡಿರಬೇಕು. ಇಲ್ಲವಾದರೆ ಅದು ಪ್ರತಿ ಸಲವೂ ನೆಟ್‌ವರ್ಕ್ ಹುಡುಕಬಹುದು. ಮರ ಬಿದ್ದು ಕರೆಂಟ್ ಹೋದ ಮೇಲೆ ಡೀಸೆಲ್ ಮುಗಿಯುವಷ್ಟು ಹೊತ್ತು ಮಾತ್ರ ಟವರಿನ ಆಯುಷ್ಯ, ಆಮೇಲೆ ಗುಂಡಿ ಒತ್ತಿದರೂ ಮೌನ. ಕರೆಂಟ್ ದಿನಗಟ್ಟಲೆ ಬಾರದಿದ್ದರೆ ಪವರ್ ಬ್ಯಾಂಕಿಗೂ ಮಿತಿಯಿದೆ, ಆಗ ಕಾಗದದ ಹಲಗೆಯೇ ಆಧಾರ. ಅದರ ಜೋಡಣೆ ಪರದೆಯದರಂತೆಯೇ ಇರಬೇಕೆನ್ನುವುದಕ್ಕೆ ಇದೂ ಒಂದು ಕಾರಣ. ಜಿಂಕ್ ಶೀಟಿನ ಮೇಲೆ ಮಳೆ ಹೊಯ್ಯುವಾಗ ಟ್ಯಾಬ್ಲೆಟ್ಟಿನ ದನಿ ಪಕ್ಕದವರಿಗೂ ಕೇಳಿಸದು. ಬ್ಲೂಟೂತ್ ಸ್ಪೀಕರ್ ತಂದೆವು. ಸ್ವಲ್ಪ ಹೊತ್ತು ಸುಮ್ಮನಿದ್ದರೆ ಅದು ನಿದ್ದೆ ಹೋಗುತ್ತದೆ, ಎಚ್ಚರವಾಗುವಷ್ಟರಲ್ಲಿ ಪದದ ಮೊದಲಕ್ಷರ ದಾಟಿಹೋಗಿರುತ್ತದೆ. ‘ಬೇಕು’ ಒತ್ತಿದರೆ ‘ಕು’, ‘ಬೇಡ’ ಒತ್ತಿದರೆ ‘ಡ’. ಬೇಕು ಬೇಡಗಳ ವ್ಯತ್ಯಾಸವೇ ಹೀಗೆ ಕೊನೆಯ ಅಕ್ಷರದ ಮೇಲೆ ನಿಂತಿತು. ತಂತಿಯ ಪುಟ್ಟ ಸ್ಪೀಕರೊಂದನ್ನು ಟ್ಯಾಬ್ಲೆಟ್ಟಿನ ಹಿಂಬದಿಗೆ ಕಟ್ಟಿ, ಎರಡನ್ನೂ ಒಂದು ಪಟ್ಟಿಯಲ್ಲಿ ಅವನ ಕೊರಳಿಗೆ ಹಾಕುವ ಹಾಗೆ ಮಾಡಿದ ಮೇಲೆ ತೊಂದರೆ ತೀರಿತು. ದನಿ ಕೋಣೆಯ ಮೂಲೆಯಿಂದ ಬಾರದೆ ಅವನ ಎದೆಯಿಂದಲೇ ಬರತೊಡಗಿತು.

ಶಾಲೆಯಲ್ಲಿ ಒಪ್ಪಿಸುವುದಕ್ಕೆ ಸಮಯ ಹಿಡಿಯಿತು. ಮೊದಲು ಸೇರಿಸಿದ ಶಾಲೆಯಲ್ಲಿ ತರಗತಿಗೆ ತೊಂದರೆಯಾಗುತ್ತದೆಂದು ಟ್ಯಾಬ್ಲೆಟ್ಟನ್ನು ಬೀರುವಿನಲ್ಲಿಟ್ಟು ಸಂಜೆ ಮರಳಿಸುತ್ತಿದ್ದರು. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016ರಲ್ಲಿ ಬಂದದ್ದು; ಆಟಿಸಂ ಅದರ 21 ಅಂಗವೈಕಲ್ಯಗಳಲ್ಲೊಂದು. ಅದರ 17ನೆಯ ಸೆಕ್ಷನ್ನಿನಲ್ಲಿ ಮಾತಿನ ತೊಂದರೆಯಿರುವವರಿಗೆ ಪೂರಕ ಮತ್ತು ಬದಲಿ ಸಂವಹನ ಸಾಧನಗಳ ಬಳಕೆಯನ್ನು ಉತ್ತೇಜಿಸಬೇಕೆಂದು ನೇರವಾಗಿಯೇ ಬರೆದಿದೆ. ಆ ಪುಟದ ಪ್ರತಿಯನ್ನು ಕೊಟ್ಟೆ. ಈಗ ಹೋಗುತ್ತಿರುವ ಬೇರೆ ಶಾಲೆಯಲ್ಲಿ ಕಾಯ್ದೆ ತೋರಿಸುವ ಅಗತ್ಯ ಬೀಳಲಿಲ್ಲ. ಅಲ್ಲಿಯ ಶಿಕ್ಷಕಿ ಹಾಜರಿ ಕರೆದಾಗ ಅವನು ‘ಇದ್ದೇನೆ’ ಒತ್ತುತ್ತಾನೆ, ಒತ್ತಲು ಹೊತ್ತಾದರೆ ಮುಂದಿನ ಹೆಸರಿಗೆ ಹೋಗದೆ ನಿಲ್ಲುತ್ತಾರೆ.

ಮಗು ಹೊರಡಿಸುವ ಸದ್ದುಗಳನ್ನೇ ಯಂತ್ರ ಅರ್ಥಮಾಡಿಕೊಳ್ಳುವ ಪ್ರಯತ್ನಗಳೂ ನಡೆದಿವೆ. ಅಮೆರಿಕದ ಎಂಐಟಿಯ ಸಂಶೋಧಕರು ಮಾತು ಬಹಳ ಕಡಿಮೆಯಿರುವ ಎಂಟು ಮಂದಿಯ ಏಳು ಸಾವಿರಕ್ಕೂ ಹೆಚ್ಚು ಸದ್ದುಗಳನ್ನು, ಹತ್ತಿರದವರು ಆಯಾ ಕ್ಷಣದಲ್ಲೇ ಕೊಟ್ಟ ಅರ್ಥಗಳ ಜತೆಗೆ ಸಂಗ್ರಹಿಸಿ 2023ರಲ್ಲಿ ಪ್ರಕಟಿಸಿದರು. ಯಂತ್ರಕ್ಕೆ ಪಾಠ ಹೇಳಿದವರು ಮನೆಯವರೇ ಎನ್ನುವುದು ನನಗೆ ಹಿಡಿಸಿತು. ಮಗನ ಹೂಂಕಾರಗಳಲ್ಲಿ ಯಾವುದು ಖುಷಿ, ಯಾವುದು ಹೊಟ್ಟೆನೋವು ಎಂದು ಅವನ ತಾಯಿಗೆ ಗೊತ್ತು. ಅದು ಹೊಸ ಶಿಕ್ಷಕಿಗೋ ವೈದ್ಯರಿಗೋ ತಿಳಿಯುವಂತಾದರೆ ಉಪಕಾರವೇ. ಆದರೆ ಅವನ ಪರವಾಗಿ ಅರ್ಥ ಊಹಿಸುವ ಯಂತ್ರಕ್ಕೂ ಅವನೇ ಆರಿಸಿ ಒತ್ತುವ ಗುಂಡಿಗೂ ಅಂತರವಿದೆ, ಮೊದಲನೆಯದು ಎಷ್ಟೇ ಜಾಣವಾದರೂ ಎರಡನೆಯದನ್ನು ನಾನು ಬಿಡಲಾರೆ. ನನಗೆ ಹೆಚ್ಚು ಆಸೆಯಿರುವುದು ನಮ್ಮ ಭಾಷೆಗಳ ದನಿಗಳಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿಸ್ಪಿನ್ ಯೋಜನೆಯಲ್ಲಿ ಕನ್ನಡವೂ ಸೇರಿದಂತೆ ಒಂಬತ್ತು ಭಾಷೆಗಳ ಗಣಕ ದನಿಗೆ ಬೇಕಾದ ಧ್ವನಿಸಾಮಗ್ರಿ ಸಿದ್ಧವಾಗಿದೆ. ಭೋಜಪುರಿ, ಮಗಧಿ, ಛತ್ತೀಸಗಢಿಗಳಂಥ ಭಾಷೆಗಳೂ ಅದರಲ್ಲಿವೆ. ಅವಕ್ಕೆ ಆಗುವುದಾದರೆ ಅರೆಭಾಷೆಗೂ ಕೊಡವ ತಕ್ಕಿಗೂ ಆಗಬಾರದೇಕೆ?

ಸದ್ಯ ಅವನು ಎರಡು ಪದಗಳನ್ನು ಸಲೀಸಾಗಿ, ಮೂರನ್ನು ಆಗೊಮ್ಮೆ ಈಗೊಮ್ಮೆ ಜೋಡಿಸುತ್ತಾನೆ. ಬಾಯಿಂದ ಬರುವ ಪದಗಳು ಸ್ವಲ್ಪ ಹೆಚ್ಚಿವೆ, ಅದು ಗುಂಡಿಯಿಂದಲೋ ವಯಸ್ಸಿನಿಂದಲೋ ಎಂದು ನಾನು ವಾದಿಸುವುದಿಲ್ಲ. ದನಿ ಕೊಟ್ಟ ಅಣ್ಣನ ಮಗನ ಕಂಠ ಒಡೆಯುವ ವಯಸ್ಸು ಹತ್ತಿರವಾಗುತ್ತಿರುವುದರಿಂದ, ಬೇಕಾಗಬಹುದಾದ ಪದಗಳನ್ನೆಲ್ಲ ಮುಂದಿನ ಕೊಯ್ಲಿನ ಕಾಲಕ್ಕೆ ಗೋದಾಮು ತುಂಬಿದಾಗ ಒಟ್ಟಿಗೆ ಧ್ವನಿಮುದ್ರಿಸಿಡುವ ಯೋಚನೆಯಿದೆ. ಅಕ್ಷರಗಳ ಪುಟವನ್ನೂ ತೆರೆದಿದ್ದೇವೆ. ವರ್ಣಮಾಲೆಯ ಎಲ್ಲ ಅಕ್ಷರಗಳನ್ನೂ ಒಂದೇ ಸಲ ಹರಡಿದರೆ ಪರದೆ ಕಿಕ್ಕಿರಿಯುತ್ತದೆ. ವ್ಯಂಜನ ಒತ್ತಿದ ಮೇಲೆ ಅದರ ಕಾಗುಣಿತವಷ್ಟೇ ಕಾಣುವ ಜೋಡಣೆ ಮಾಡಿಕೊಟ್ಟಿದ್ದೇನೆ. ಅಲ್ಲಿ ಅವನು ಹೆಚ್ಚಾಗಿ ಒತ್ತುವುದು ಬಸ್ಸಿನ ಫಲಕಗಳಲ್ಲಿ ಕಂಡ ಊರುಗಳ ಹೆಸರುಗಳನ್ನು. ಮೊನ್ನೆ ಗೋಣಿಕೊಪ್ಪದ ಒತ್ತಕ್ಷರ ತಪ್ಪಿದಾಗ ಅಳಿಸಿ ಮತ್ತೆ ಬರೆದ, ಗಣಕದ ದನಿ ಅದನ್ನು ಓದಿದ ಮೇಲೆ ‘ಅದಲ್ಲ’ ಒತ್ತಿ ವಿರಾಜಪೇಟೆ ಬರೆಯಲು ಕುಳಿತ.